ಬೇಸ್ ಗಿಟಾರಿನಿಂದ ಡಬಲ್ ಬೇಸಿನ ‘ತೋಂ’ ಹೊರಡಿಸುವ ಬಗೆ

ಜಾಝ್‌ನಲ್ಲಿ ಡಬಲ್ ಬೇಸ್ (ನೆಲಕ್ಕೂರಿ ನಿಲ್ಲಿಸಿ ನುಡಿಸುವ, ಪಿಟೀಲಿನ ಜಾತಿಯ ದೊಡ್ಡ ತಂತಿವಾದ್ಯ) ನುಡಿಸುವವರ ಮುಂದೆ ಬೇಸ್ ಗಿಟಾರಿನ ಮಾತೆತ್ತಿದರೆ ಹೆಚ್ಚಿನವರ ಮುಖ ಹುಳ್ಳಗಾಗುತ್ತದೆ. ಸ್ವರ ಆರುವುದಿಲ್ಲ, ತಾಳ ಬಿಡಿಬಿಡಿಯಾಗಿ ಕೇಳುವುದಿಲ್ಲ, ನುಡಿಸುವವರು ಬೇಡದ ಕಡೆಯೆಲ್ಲ ಬೆರಳು ಓಡಿಸುತ್ತಾರೆ. ದೂರು ಹೆಚ್ಚುಕಡಿಮೆ ಈ ಮೂರೇ. ಇದರಲ್ಲಿ ಸ್ವಲ್ಪ ಜಂಭವೂ ಇದೆ ಅನ್ನಿ. ಆದರೆ ಮೊದಲೆರಡಕ್ಕೆ ಕಾರಣ ವಾದ್ಯದ ಮೈಯಲ್ಲೇ ಇದೆ, ಮೂರನೆಯದಕ್ಕೆ ನಮ್ಮ ಕೈಯಲ್ಲಿದೆ. ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ ಕಡೆ ಇಗರ್ಜಿಯ ಕಾಯರ್‌ನಲ್ಲೋ ರಸಮಂಜರಿ ತಂಡದಲ್ಲೋ ಬೇಸ್ ಗಿಟಾರ್ ಹಿಡಿದವರು ಜಾಝ್ ಕಡೆಗೆ ಹೊರಳುವಾಗ ಈ ದೂರುಗಳನ್ನೇ ಕೆಲಸದ ಪಟ್ಟಿಯಾಗಿ ಇಟ್ಟುಕೊಂಡರೆ ಸಾಕು. ಇದ್ದ ವಾದ್ಯದಲ್ಲೇ ಮುಕ್ಕಾಲು ದಾರಿ ಸವೆಯುತ್ತದೆ.

ಡಬಲ್ ಬೇಸನ್ನೇ ಯಾಕೆ ತರಬಾರದು ಎಂದರೆ, ತರಬಹುದು. ಜಾಝ್‌ನವರು ಬಳಸುವ 3/4 ಅಳತೆಯದ್ದೇ ಸುಮಾರು 6 ಅಡಿ ಎತ್ತರ. ಬಸ್ಸಿಗೆ ಹತ್ತಿಸಲಾಗದು, ಆಟೋದಲ್ಲಿ ಹಿಡಿಸದು. ಹಲಗೆಗಳನ್ನು ಕೂಡಿಸಿರುವ ಪ್ರಾಣಿಜನ್ಯ ಅಂಟು ಆಟಿ ತಿಂಗಳ ತೇವಕ್ಕೆ ಸಡಿಲಗೊಂಡು ಅಂಚುಗಳು ಬಾಯಿ ಬಿಡುತ್ತವೆ. ಮಳೆ ಕಳೆದು ಗಾಳಿ ಒಣಗಿದಾಗ ಮುಂಭಾಗದ ಹಲಗೆ ಸೀಳುವ ಭಯ. ತರುವುದೇ ಆದರೆ ಕೆತ್ತಿದ ಮರದ್ದು ಬೇಡ, ಪ್ಲೈವುಡ್‌ನದ್ದು ನಮ್ಮ ಹವೆಗೆ ವಾಸಿ.

ಈ ಮುನಿಸು ಹಳೆಯದು. ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಮಾರುಕಟ್ಟೆಗೆ ತಂದದ್ದು ಹೊತ್ತೊಯ್ಯಲು ಸುಲಭ, ಗದ್ದಲದ ನಡುವೆಯೂ ಕೇಳುತ್ತದೆ, ಫ್ರೆಟ್ (ಬೆರಳುಹಲಗೆಯ ಮೇಲಿನ ಲೋಹದ ಅಡ್ಡಪಟ್ಟಿ) ಇರುವುದರಿಂದ ಶ್ರುತಿ ತಪ್ಪದು ಎಂಬ ಲೆಕ್ಕದಲ್ಲಿ. ಲಯೊನೆಲ್ ಹ್ಯಾಂಪ್ಟನ್ ತಂಡದ ಮಾಂಕ್ ಮಾಂಟ್ಗೊಮರಿ ಕೆಲವೇ ವರ್ಷಗಳಲ್ಲಿ ಅದನ್ನು ಜಾಝ್ ವೇದಿಕೆಗೆ ಏರಿಸಿದರು. ಬಾಬ್ ಕ್ರಾನ್‌ಶಾ ಬೆನ್ನಿನ ತೊಂದರೆಯಿಂದ ಬೇಸ್ ಗಿಟಾರಿನ ಕಡೆ ಬಂದರು. ಸ್ಟೀವ್ ಸ್ವಾಲೋ 1970ರ ಹೊತ್ತಿಗೆ ಡಬಲ್ ಬೇಸನ್ನೇ ಕೈಬಿಟ್ಟರು. ಡೇವ್ ಹಾಲಂಡ್ ಮೈಲ್ಸ್ ಡೇವಿಸ್ ತಂಡದಲ್ಲಿ ಎರಡನ್ನೂ ನುಡಿಸಿ, 1970ರಲ್ಲಿ ಹೊರಬಂದ ಮೇಲೆ ಡಬಲ್ ಬೇಸಿಗೇ ಅಂಟಿಕೊಂಡರು. ಇನ್ನು ಜೇಮ್ಸ್ ಜೇಮರ್ಸನ್. ಡೆಟ್ರಾಯಿಟಿನ ಜಾಝ್ ಕ್ಲಬ್ಬುಗಳಲ್ಲಿ ಡಬಲ್ ಬೇಸ್ ನುಡಿಸಿ ಪಳಗಿದ ಈತ ಮೋಟೌನ್ ಎಂಬ ರೆಕಾರ್ಡ್ ಕಂಪನಿಯ ಸ್ಟುಡಿಯೋದಲ್ಲಿ ಬೇಸ್ ಗಿಟಾರ್ ಹಿಡಿದಾಗ ಮಾಡಿಕೊಂಡದ್ದು ಮೂರು ಏರ್ಪಾಡು: ಚಪ್ಪಟೆ ಸುರುಳಿಯ ದಪ್ಪ ತಂತಿ, ಬ್ರಿಡ್ಜ್ (ಮೈಯ ಮೇಲೆ ತಂತಿಗಳು ಒರಗುವ ಆಸರೆ) ಬಳಿ ಸ್ಪಂಜು, ಬಲಗೈಯ ಒಂದೇ ಬೆರಳು. ಮುಂದೆ ಹೇಳುವುದರ ಬಹುಪಾಲು ಈ ಮೂರರ ವಿಸ್ತಾರ.

ಸ್ವರ ಯಾಕೆ ಆರುವುದಿಲ್ಲ?

ಡಬಲ್ ಬೇಸಿನ ಮುಂಭಾಗದ ಹಲಗೆ ತೆಳು. ತಂತಿಯ ಕಂಪನವನ್ನು ಬ್ರಿಡ್ಜ್ ಮೂಲಕ ಹೀರಿ ಅದು ಗಾಳಿಗೆ ಕೊಡುತ್ತದೆ. ಶಕ್ತಿಯೆಲ್ಲ ಮೊದಲ ಗಳಿಗೆಯಲ್ಲೇ ಖರ್ಚಾಗುವುದರಿಂದ ಸ್ವರ ದುಂಡಗೆ ಎದ್ದು ಬೇಗ ಇಳಿಯುತ್ತದೆ. ಬೇಸ್ ಗಿಟಾರಿನ ಮೈ ಗಟ್ಟಿ ಮರ. ತಂತಿಯಿಂದ ಅದು ಕಸಿಯುವುದು ಕಡಿಮೆ. ಮೃದಂಗದ ಎಡಮೊಗದ ‘ತೋಂ’ ಕೇಳಿದವರಿಗೆ ಬೇರೆ ವಿವರಣೆ ಬೇಡ. ಜಾಝ್‌ಗೆ ಬೇಕಾದ್ದು ಆ ತೋಂ, ಬೇಸ್ ಗಿಟಾರ್ ತಾನಾಗಿ ಕೊಡುವುದು ತಂಬೂರಿಯ ಗುಂಯ್. ಹಿಂದಿನ ಸ್ವರದ ಬಾಲ ಮುಂದಿನದರ ತಲೆಯ ಮೇಲೆ ಬಿದ್ದಾಗ ಡ್ರಮ್ಮರ್‌ನ ತಾಳ ಹಿಡಿಯುವ ರೈಡ್ ಸಿಂಬಲ್‌ಗೆ ಜೊತೆ ಸಿಗುವುದಿಲ್ಲ. ತಾಳ ಒಡೆದು ಕೇಳುವುದಿಲ್ಲ ಎಂಬ ಎರಡನೇ ದೂರು ಹುಟ್ಟುವುದೂ ಇಲ್ಲೇ.

(ದೂರುವವರ ಮನೆಯಲ್ಲೂ ಇದೇ ಜಗಳ ಇತ್ತು. ಕರುಳಿನ ತಂತಿ ಬಿಟ್ಟು ಉಕ್ಕಿನದು ಹಾಕಿ, ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ ಕೂರಿಸಿ, ತಂತಿ ತಗ್ಗಿಸಿದ 1970ರ ದಶಕದ ಎಷ್ಟೋ ಡಬಲ್ ಬೇಸುಗಳು ಬೇಸ್ ಗಿಟಾರಿನ ದಾಯಾದಿಗಳ ಹಾಗೇ ಕೇಳುತ್ತವೆ.)

ತಂತಿ

ಸಾಮಾನ್ಯವಾಗಿ ಬರುವ ದುಂಡು ಸುರುಳಿಯ ತಂತಿ, ಅಂದರೆ ರೌಂಡ್‌ವೌಂಡ್, ತೆಗೆದು ಫ್ಲ್ಯಾಟ್‌ವೌಂಡ್ ಹಾಕಿ. 34 ಇಂಚಿನ ಬೇಸಿಗೆ 45–105 ಅಥವಾ 45–100ರ ಸೆಟ್ (ತಂತಿಯ ದಪ್ಪ, ಇಂಚಿನ ಸಾವಿರದ ಲೆಕ್ಕದಲ್ಲಿ) ಸರಿ. ಡಿ’ಅಡಾರಿಯೋ ಕ್ರೋಮ್ಸ್ ತಕ್ಕಮಟ್ಟಿಗೆ ಬಿಗಿ; ಥೋಮಾಸ್ಟಿಕ್ ಜಾಝ್ ಫ್ಲ್ಯಾಟ್ಸ್ ಸಡಿಲ, ಬೆರಳಿಗೆ ಮೃದು. ‘ತೋಂ’ ಬೇಕಿದ್ದರೆ ಬಿಗಿಯದ್ದೇ ಮೇಲು.

ಒಂದೊಂದೇ ತಂತಿ ಬದಲಿಸಿ. ನಾಲ್ಕನ್ನೂ ಒಟ್ಟಿಗೆ ಬಿಚ್ಚಿದರೆ ನೆಕ್ (ವಾದ್ಯದ ಉದ್ದ ಕತ್ತು) ಮೇಲಿನ ಎಳೆತ ಒಮ್ಮೆಲೇ ತಪ್ಪುತ್ತದೆ. ಬಿರಡೆಯಿಂದ ಆಚೆಗೆ 10–12 ಸೆಂಟಿಮೀಟರ್ ಬಿಟ್ಟು, ಮೊದಲು ತಂತಿಯನ್ನು ಲಂಬವಾಗಿ ಮಡಚಿ, ಆಮೇಲೆ ಮಡಿಕೆಯ ಆಚೆ ಕತ್ತರಿಸಿ. ಮಡಚದೆ ಕತ್ತರಿಸಿದರೆ ಒಳಗಿನ ಎಳೆಯ ಮೇಲಿನ ಸುರುಳಿ ಬಿಚ್ಚಿಕೊಂಡು ಹೊಸ ತಂತಿಯೇ ಸತ್ತಂತೆ ಕೇಳುತ್ತದೆ. ಮೈಯ ಹಿಂಬದಿಯಿಂದ ತಂತಿ ತೂರಿಸುವ ಬೇಸ್ ಆಗಿದ್ದರೆ ಹಾಗೆ ಹಾಕದೆ ಬ್ರಿಡ್ಜ್‌ನಿಂದಲೇ ನೇರ ಹಾಕಿ. ಚಪ್ಪಟೆ ಪಟ್ಟಿ ಆ ಕಡಿದಾದ ತಿರುವಿನಲ್ಲಿ ಬಿರಿಯುತ್ತದೆ.

ಫ್ಲ್ಯಾಟ್‌ವೌಂಡ್ ವರ್ಷಗಟ್ಟಲೆ ಬಾಳುತ್ತದೆ ಎನ್ನುತ್ತಾರೆ. ಬಾಳುತ್ತದೆ, ಕಡಲ ಗಾಳಿ ಬಿಟ್ಟರೆ. ನುಡಿಸಿದ ಕೂಡಲೆ ಒಣ ಹತ್ತಿಬಟ್ಟೆಯಿಂದ ಮೇಲೂ ಅಡಿಗೂ ಒರೆಸಿ. ತುಕ್ಕು ಶುರುವಾಗುವುದು ಕಣ್ಣಿಗೆ ಬೀಳದ ಅಡಿಭಾಗದಲ್ಲಿ.

ನೆಕ್ ಮತ್ತು ಎತ್ತರ

ಹೊಸ ತಂತಿಯ ಎಳೆತ ಹಳೆಯದಕ್ಕಿಂತ ಬೇರೆ, ಹಾಗಾಗಿ ನೆಕ್‌ನ ಬಾಗು ಬದಲಾಗುತ್ತದೆ. ಒಂದು ದಿನ ಹಾಗೇ ಬಿಟ್ಟು ಅಳೆಯಿರಿ. ಎಲ್ಲಕ್ಕಿಂತ ದಪ್ಪದ ಇ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ, ನೆಕ್ ಮೈಗೆ ಸೇರುವಲ್ಲಿನ ಫ್ರೆಟ್‌ನಲ್ಲೂ ಒತ್ತಿ ಹಿಡಿದು, 7–8ನೇ ಫ್ರೆಟ್ ಮೇಲೆ ಎಷ್ಟು ಸಂದು ಇದೆ ನೋಡಿ. 0.3ರಿಂದ 0.4 ಮಿಲಿಮೀಟರ್ ಇರಬೇಕು; ದಪ್ಪ ವಿಸಿಟಿಂಗ್ ಕಾರ್ಡ್ ತೂರಿಸಿದರೆ ತಂತಿಗೆ ತಾಗಿಯೂ ತಾಗದಂತೆ ಸರಿಯಬೇಕು. ಸಂದು ಹೆಚ್ಚಿದ್ದರೆ ತಂತಿ ಸ್ವಲ್ಪ ಸಡಿಲಿಸಿ, ನೆಕ್ ಒಳಗಿನ ಉಕ್ಕಿನ ಸರಳಾದ ಟ್ರಸ್ ರಾಡನ್ನು ಅಲೆನ್ ಕೀಯಿಂದ ಗಡಿಯಾರದ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ. ಸಂದು ಇಲ್ಲವೇ ಇಲ್ಲ ಎಂದಾದರೆ ವಿರುದ್ಧ ದಿಕ್ಕಿಗೆ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಕೀ ಬಿಗಿಯಾಗಿ ನಿಂತರೆ ಬಲ ಹಾಕಬೇಡಿ. ಒಳಗೆ ರಾಡ್ ತುಂಡಾದರೆ ನೆಕ್ ಹೋಯಿತೆಂದೇ ಲೆಕ್ಕ. ಜೂನ್‌ನಲ್ಲೊಮ್ಮೆ, ಮಳೆ ಬಿಟ್ಟ ಮೇಲೊಮ್ಮೆ ಇದೇ ಅಳತೆ ಮತ್ತೆ ತೆಗೆಯಬೇಕು. ಮರ ಎತ್ತ ಬಾಗಿದೆ ಎಂದು ಊಹಿಸಿ ಕೀ ಹಾಕುವುದು ಬೇಡ, ಕಾರ್ಡ್ ಹೇಳಿದ ಹಾಗೆ ಮಾಡಿ.

12ನೇ ಫ್ರೆಟ್ ಮೇಲೆ ಇ ತಂತಿ 2.5ರಿಂದ 3 ಮಿಲಿಮೀಟರ್ ಎತ್ತರದಲ್ಲಿರಲಿ. ರಾಕ್ ನುಡಿಸುವವರಿಗೆ ಇದು ಜಾಸ್ತಿ ಅನ್ನಿಸಬಹುದು. ಆದರೆ ತಂತಿ ತೀರಾ ತಗ್ಗಿದ್ದರೆ ತುಸು ಬಲವಾಗಿ ಎಳೆದ ಕೂಡಲೆ ಫ್ರೆಟ್‌ಗೆ ಬಡಿದು ‘ಟರ್ರ್’ ಅನ್ನುತ್ತದೆ, ಆ ಭಯಕ್ಕೆ ಕೈ ಮೆಲ್ಲಗಾಗುತ್ತದೆ. ಮೆಲ್ಲಗಿನ ಕೈಯಿಂದ ತೋಂ ಬರುವುದಿಲ್ಲ. ಕೊನೆಗೆ 12ನೇ ಫ್ರೆಟ್‌ನ ಹಾರ್ಮೋನಿಕ್ಕನ್ನೂ (ತಂತಿಯನ್ನು ಒತ್ತದೆ ಬರಿದೆ ಮುಟ್ಟಿ ಮೀಟಿದ ಸ್ವರ) ಅದೇ ಫ್ರೆಟ್ ಒತ್ತಿದ ಸ್ವರವನ್ನೂ ಟ್ಯೂನರ್‌ನಲ್ಲಿ ಹೋಲಿಸಿ. ಒತ್ತಿದ ಸ್ವರ ಏರಿದ್ದರೆ ಬ್ರಿಡ್ಜ್ ಮೇಲೆ ಆ ತಂತಿ ಕೂರುವ ಸ್ಯಾಡಲನ್ನು ಹಿಂದಕ್ಕೆ ಎಳೆಯಿರಿ.

ಸ್ಪಂಜು

ಐದು ನಿಮಿಷದ ಕೆಲಸ, ಆದರೆ ಎಲ್ಲರೂ ಕೆಡಿಸುವುದು ಇದನ್ನೇ. ಪಾತ್ರೆ ತೊಳೆಯುವ ಹಳದಿ ಸ್ಪಂಜು ಸಾಕು, ಹಸಿರು ಉಜ್ಜುವ ಪದರ ಸುಲಿದು ಎಸೆಯಿರಿ. 7 ಸೆಂಟಿಮೀಟರ್ ಉದ್ದ, 1.5 ಸೆಂಟಿಮೀಟರ್ ಅಗಲದ ಪಟ್ಟಿ ಕತ್ತರಿಸಿ. ದಪ್ಪ, ತಂತಿಗೂ ಮೈಗೂ ನಡುವಿನ ಅಂತರಕ್ಕಿಂತ 2–3 ಮಿಲಿಮೀಟರ್ ಹೆಚ್ಚಿರಲಿ. ಬ್ರಿಡ್ಜ್‌ಗೆ ಒತ್ತಿಕೊಂಡಂತೆ ತಂತಿಗಳ ಅಡಿಗೆ ತುರುಕಿ. ಚಪ್ಪಲಿಯ ಫೋಮ್, ಪ್ಯಾಕಿಂಗ್ ಥರ್ಮೋಕೋಲ್ ಬೇಡ. ಗಟ್ಟಿ ವಸ್ತು ತಂತಿಯನ್ನು ಮೇಲಕ್ಕೆ ನೂಕಿ ಶ್ರುತಿ ಏರಿಸುತ್ತದೆ.

ಈಗ ಎ ತಂತಿಯನ್ನು ಬಿಡಿಯಾಗಿ ಮೀಟಿ. ನಿಮಿಷಕ್ಕೆ 120ರ ಲಯದಲ್ಲಿ ಎಣಿಸಿದರೆ ಮೂರನೇ ಎಣಿಕೆಯೊಳಗೆ ಸ್ವರ ಬಹುಪಾಲು ಇಳಿದಿರಬೇಕು. ‘ಟಕ್’ ಎಂದಷ್ಟೇ ಕೇಳಿ ಸ್ವರಸ್ಥಾನವೇ ತಿಳಿಯದಿದ್ದರೆ ಸ್ಪಂಜು ಹೆಚ್ಚಾಯಿತು. ಸಾಮಾನ್ಯವಾಗಿ ಇ ತಂತಿ ಇನ್ನೂ ಗುಂಯ್‌ಗುಡುವಾಗ ತೆಳುವಾದ ಜಿ ತಂತಿ ಆಗಲೇ ಸತ್ತಿರುತ್ತದೆ. ಆಗ ಪಟ್ಟಿ ಹೊರತೆಗೆದು ಜಿ ಕಡೆಯ ತುದಿಯನ್ನು ಕತ್ತರಿಯಿಂದ ಓರೆಯಾಗಿ, ಒಂದೊಂದೇ ಮಿಲಿಮೀಟರ್ ಸವರಿ ಮತ್ತೆ ಹಾಕಿ. ಎರಡು ಮೂರು ಸಲ ಹೀಗೆ ಮಾಡಿದರೆ ನಾಲ್ಕೂ ತಂತಿ ಒಂದೇ ಹದಕ್ಕೆ ಬರುತ್ತವೆ. ಮಳೆಗಾಲದಲ್ಲಿ ಸ್ಪಂಜನ್ನು ವಾದ್ಯದಲ್ಲೇ ಬಿಡಬೇಡಿ. ಅದು ತೇವ ಹಿಡಿದಿಟ್ಟುಕೊಂಡು ಬ್ರಿಡ್ಜ್‌ಗೂ ತಂತಿಗೂ ತುಕ್ಕು ತರಿಸುತ್ತದೆ.

ಬಲಗೈ

ಪಿಕಪ್ ಮೇಲೆ ಹೆಬ್ಬೆರಳೂರಿ ಎರಡು ಬೆರಳ ತುದಿಯಿಂದ ಮೀಟುವ ಅಭ್ಯಾಸವನ್ನು ಸ್ವಲ್ಪ ದಿನ ಕಟ್ಟಿಡಿ. ಕೈಯನ್ನು ನೆಕ್ ಮುಗಿಯುವ ಜಾಗಕ್ಕೆ ತನ್ನಿ; ಹೆಬ್ಬೆರಳು ನೆಕ್‌ನ ಕೊನೆಯ ಅಂಚಿಗೆ ಒರಗಲಿ. ತೋರುಬೆರಳನ್ನು ತಂತಿಗೆ ಅಡ್ಡಡ್ಡ ಹಿಡಿಯದೆ ಓರೆಯಾಗಿ ಮಲಗಿಸಿ, ಬೆರಳ ಬದಿಯ ಮಾಂಸಲ ಭಾಗದಿಂದ ಎಳೆಯಿರಿ. ಎಳೆತ ಗೆಣ್ಣಿನಿಂದ ಬಂದರೆ ಸ್ವರ ತೆಳು. ಮುಂಗೈಯ ಭಾರ ಇಳಿದರೆ ಸ್ವರ ದುಂಡು. ಎಳೆದ ಬೆರಳು ಪಕ್ಕದ ದಪ್ಪ ತಂತಿಯ ಮೇಲೆ ಹೋಗಿ ಕೂರಬೇಕು, ಅದರಿಂದ ಆ ತಂತಿಯ ಬಾಯಿಯೂ ಮುಚ್ಚುತ್ತದೆ.

ನಡಿಗೆಯ (ಎಣಿಕೆಗೊಂದು ಸ್ವರದಂತೆ ಸಾಗುವ ‘ವಾಕಿಂಗ್ ಬೇಸ್’) ಕಾಲುಸ್ವರಗಳಿಗೆಲ್ಲ ತೋರುಬೆರಳೊಂದೇ. ತ್ರಿಶ್ರದ ತುಣುಕು ಬಂದಾಗ ಮಾತ್ರ ಮಧ್ಯಬೆರಳು. ಮೊದಲ ವಾರ ಬೆರಳ ಬದಿಯಲ್ಲಿ ಬೊಬ್ಬೆ ಬರಬಹುದು. ಬಂದರೆ ಎರಡು ದಿನ ಬಿಡಿ, ಒಡೆಯಬೇಡಿ. ಇಷ್ಟೆಲ್ಲ ಹೇಳಿದ ಮೇಲೆ ಇದನ್ನೂ ಹೇಳಬೇಕು: ಸ್ಟೀವ್ ಸ್ವಾಲೋ ನುಡಿಸುವುದು ಪ್ಲೆಕ್ಟ್ರಮ್ ಹಿಡಿದು. ಅವರು ಡಬಲ್ ಬೇಸಿನ ಅಣಕು ಮಾಡಲಿಲ್ಲ, ಗಿಟಾರಿನಂತೆಯೇ ಹಾಡಿಸಿದರು. ಆ ದಾರಿಯೂ ಇದೆ, ಅದು ಬೇರೆ ಪಾಠ.

ಎಡಗೈ ಮತ್ತು ನಡಿಗೆ

5ನೇ ಫ್ರೆಟ್‌ಗಿಂತ ಕೆಳಗೆ ಡಬಲ್ ಬೇಸಿನವರ ಹಾಗೆ ತೋರುಬೆರಳು, ಮಧ್ಯಬೆರಳು, ಕಿರುಬೆರಳು ಮೂರನ್ನೇ ಬಳಸಿ. ಉಂಗುರಬೆರಳು ಕಿರುಬೆರಳಿಗೆ ಆಸರೆ. ಅಂಗೈ ಹಿಗ್ಗಿಸುವ ಕಷ್ಟ ತಪ್ಪುತ್ತದೆ. ಬಿಡಿ ತಂತಿ ಮೀಟಿದಾಗ ಮುಂದಿನ ಸ್ವರಕ್ಕೆ ಹೋಗುವ ಕ್ಷಣಕ್ಕೆ ಸರಿಯಾಗಿ ಅದನ್ನು ಎಡಗೈಯಿಂದ ಮುಟ್ಟಿ ನಿಲ್ಲಿಸಬೇಕು.

ಸ್ವರದ ಉದ್ದ ಮುಖ್ಯ. ಗುಂಯ್ ತಪ್ಪಿಸಲು ಹೋಗಿ ಬೆರಳನ್ನು ಬೇಗ ಎತ್ತುವುದು ಹೊಸಬರ ತಪ್ಪು. ಆಗ ನಡಿಗೆ ಹೋಗಿ ಕುಂಟಾಬಿಲ್ಲೆಯಾಗುತ್ತದೆ. ಮುಂದಿನ ಸ್ವರ ಬರುವವರೆಗೂ ಬೆರಳು ಒತ್ತಿಕೊಂಡೇ ಇರಲಿ. ಇಳಿಸುವ ಕೆಲಸ ಸ್ಪಂಜಿನದು.

ಸಿ ಸ್ವರವನ್ನು ಷಡ್ಜವೆಂದು ಇಟ್ಟುಕೊಂಡು ಈ ನಾಲ್ಕು ಆವರ್ತ ನುಡಿಸಿ. ಡಿ ಮೈನರ್ ಸೆವೆನ್, ಜಿ ಸೆವೆನ್, ಆಮೇಲೆ ಸಿ ಮೇಜರ್ ಸೆವೆನ್ ಎರಡು ಆವರ್ತ:

ರಿ ಮ ದ ಶುದ್ಧದ | ಪ ನಿ ರಿ ಶುದ್ಧರಿ | ಸ ಗ ಪ ದ | ಪ ಗ ಸ ಶುದ್ಧರಿ |

‘ಶುದ್ಧ’ ಎಂದು ಗುರುತಿಸಿದ್ದು ಬಿಟ್ಟರೆ ಉಳಿದದ್ದೆಲ್ಲ ಶಂಕರಾಭರಣದ ಸ್ವರಗಳೇ. ಫ್ರೆಟ್ ಲೆಕ್ಕದಲ್ಲಿ ಮೊದಲ ಆವರ್ತ: ಎ ತಂತಿಯ 5, ಡಿ ತಂತಿಯ 3, 7, 6. ಎರಡನೆಯದು: ಡಿ ತಂತಿಯ 5, ಎ ತಂತಿಯ 2, 5, 4. ಮೂರನೆಯದು: ಎ ತಂತಿಯ 3, ಡಿ ತಂತಿಯ 2, 5, 7. ಕೊನೆಯದು: ಡಿ ತಂತಿಯ 5, 2, ಎ ತಂತಿಯ 3, 4. ನಾಲ್ಕನೇ ಎಣಿಕೆಯ ಅನ್ಯಸ್ವರ ಮುಂದಿನ ಆವರ್ತದ ಮೊದಲ ಸ್ವರಕ್ಕೆ ಅರ್ಧ ಮೆಟ್ಟಿಲು ದೂರದಲ್ಲಿ ನಿಂತು ಕಿವಿಯನ್ನು ಅತ್ತ ಎಳೆಯುತ್ತದೆ. ನಡಿಗೆ ಮುಂದೆ ಸಾಗುವುದು ಆ ಎಳೆತದಿಂದ. ಇದರ ನಡುವೆ ಜಾರು, ಸ್ಲ್ಯಾಪ್, ಮೇಲಿನ ಸ್ಥಾಯಿಯ ಚಮತ್ಕಾರ ಯಾವುದೂ ಬೇಡ. ಮೂರನೇ ದೂರಿಗೆ ಮದ್ದು ಇಷ್ಟೇ.

ಮೆಟ್ರೊನೋಮನ್ನು 60ಕ್ಕೆ ಇಟ್ಟು, ಅದರ ಟಿಕ್ ಅನ್ನು 2 ಮತ್ತು 4ನೇ ಎಣಿಕೆ ಎಂದು ಭಾವಿಸಿ 120ರಲ್ಲಿ ನುಡಿಸಿ. ಚಿಕ್ಕಂದಿನಿಂದ ಆದಿತಾಳ ಹಾಕಿದ ಕೈಗೆ ಇದು ಸುಲಭವಲ್ಲ. ಟಿಕ್ ಕೇಳಿದ ಕೂಡಲೆ ಮನಸ್ಸು ಅದನ್ನೇ ಸಮ ಎಂದು ಹಿಡಿದುಬಿಡುತ್ತದೆ. ವಾದ್ಯ ಮುಟ್ಟುವ ಮೊದಲು ಎರಡು ಟಿಕ್‌ಗಳ ನಡುವೆ ಗಟ್ಟಿಯಾಗಿ ‘ಒಂದು’, ‘ಮೂರು’ ಎಂದು ಹತ್ತು ಆವರ್ತ ಹೇಳಿ, ಆಮೇಲೆ ಶುರು ಮಾಡಿ.

ವೇದಿಕೆಯಲ್ಲಿ

ಎರಡು ಪಿಕಪ್ ಇದ್ದರೆ ನೆಕ್ ಕಡೆಯದು ಮಾತ್ರ. ಟೋನ್ ಗುಂಡಿ ಮೂರನೇ ಒಂದು ಭಾಗದಷ್ಟು ತೆರೆದಿರಲಿ. ಪೂರ್ತಿ ಮುಚ್ಚಿದರೆ ಬೆರಳು ತಂತಿ ಬಿಡುವ ಸದ್ದೂ ಹೋಗಿ ಕಂಬಳಿ ಹೊದೆದಂತೆ ಕೇಳುತ್ತದೆ. ಮಿಕ್ಸರ್‌ನಲ್ಲಿ 40 ಹರ್ಟ್ಸ್‌ಗಿಂತ ಕೆಳಗಿನದು ಕಡಿಯಿರಿ, 200–250ರ ಸುತ್ತ 2–3 ಡೆಸಿಬೆಲ್ ಇಳಿಸಿ. ಜಾತ್ರೆ, ಮದುವೆಗಳ ಹಲಗೆ ವೇದಿಕೆ ಒಳಗೆ ಟೊಳ್ಳು. ಆಂಪ್ಲಿಫೈಯರನ್ನು ನೇರ ಅದರ ಮೇಲಿಟ್ಟರೆ ವೇದಿಕೆಯೇ ಇನ್ನೊಂದು ಪೆಟ್ಟಿಗೆಯಾಗಿ ಗುಮ್ಮೆನ್ನುತ್ತದೆ. ಗಟ್ಟಿಮುಟ್ಟಾದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಇಡಿ, ನಿಮ್ಮ ಕಿವಿಗೂ ಹತ್ತಿರವಾಗುತ್ತದೆ. ತಂತಿ ಮುಟ್ಟಿದಾಗ ಹಮ್ ನಿಂತು, ಕೈ ತೆಗೆದಾಗ ಜೋರಾದರೆ ಎಲೆಕ್ಟ್ರಿಷಿಯನ್‌ನವರಿಂದ ಅರ್ತಿಂಗ್ ಪರೀಕ್ಷೆ ಮಾಡಿಸಿ. ಮುಟ್ಟಿದಾಗ ಕೈ ಜುಮ್ಮೆಂದರೆ ಆ ಲೈನಿನಲ್ಲಿ ನುಡಿಸಲೇಬೇಡಿ.

ಫ್ರೆಟ್ ಇಲ್ಲದ ಬೇಸ್ ಕೊಂಡರೆ ಡಬಲ್ ಬೇಸ್ ಆಗಿಬಿಡುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದೆ. ಆಗುವುದಿಲ್ಲ. ಜಾರು ಸಿಗುತ್ತದೆ, ಬಾಲ ಹಾಗೇ ಉಳಿಯುತ್ತದೆ. ಜ್ಯಾಕೋ ಪಾಸ್ಟೋರಿಯಸ್ ತಮ್ಮ ಬೇಸಿನ ಫ್ರೆಟ್ ಕಿತ್ತು, ಬೆರಳುಹಲಗೆಗೆ ಎಪಾಕ್ಸಿ ಬಳಿದು, ದುಂಡು ಸುರುಳಿಯ ತಂತಿಯಲ್ಲಿ ತೆಗೆದ ಹಾಡುವ ನಾದ 1976ರ ಮೊದಲ ಆಲ್ಬಮ್ಮಿನಿಂದ ಲೋಕಕ್ಕೇ ಗೊತ್ತು. ಅದು ಡಬಲ್ ಬೇಸಿನದ್ದಲ್ಲ. ಇರುವ ಒಂದೇ ಬೇಸಿನ ಫ್ರೆಟ್ ಕೀಳಲು ಇಕ್ಕುಳ ಹಿಡಿಯುವ ಮೊದಲು ಸ್ಪಂಜನ್ನು ಇನ್ನೊಮ್ಮೆ ಸವರಿ ನೋಡಿ.