ಅಕ್ಕನಿಗೆ ಹೇಳದೆ ತೆಗೆದ ಸೀಟು

ನನ್ನ ಅಕ್ಕನನ್ನು ಕೇಳಿ ಅವಳಿಗೆ ಏನನ್ನೂ ಕೊಡಿಸಲಾಗುವುದಿಲ್ಲ. ಸಾಗರದ ಪ್ರಾಥಮಿಕ ಶಾಲೆಯೊಂದರಲ್ಲಿ ಮೂವತ್ತೆರಡು ವರ್ಷ ಪಾಠ ಹೇಳಿ ನಿವೃತ್ತಳಾದವಳು. ಸೀರೆ ಎದುರಿಗೆ ಹರಡಿದರೆ ಮೊದಲು ಬೆಲೆಯ ಚೀಟಿ ಹುಡುಕುತ್ತಾಳೆ. "ಈ ದುಡ್ಡಿಗೆ ಮಗುವಿಗೆ ಒಂದು ಜೊತೆ ಬೆಳ್ಳಿ ಬಳೆ ಬರುತ್ತಿತ್ತಲ್ಲ" ಎನ್ನುತ್ತಾಳೆ, ಸೀರೆ ಮಡಚಿ ವಾಪಸು ಇಡುತ್ತಾಳೆ.

ಮಗಳ ಮೊದಲ ಬಾಣಂತನಕ್ಕೆಂದು ಅವಳು 2022ರಲ್ಲಿ ಒಬ್ಬಳೇ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗಿದ್ದಳು. ಇಳಿಯುವ ಹೊತ್ತಿಗೆ ಪಾದ ಊದಿಕೊಂಡು ಚಪ್ಪಲಿಯೊಳಗೆ ಹೋಗದೆ, ಹಿಮ್ಮಡಿಯನ್ನು ಹೊರಗಿಟ್ಟುಕೊಂಡೇ ಇಮಿಗ್ರೇಷನ್ ಸಾಲಿನಲ್ಲಿ ನಿಂತಿದ್ದಳಂತೆ. ಇದನ್ನು ನನಗೆ ಹೇಳಿದ್ದು ಎರಡು ವರ್ಷದ ಮೇಲೆ, ಹಪ್ಪಳ ಒತ್ತುತ್ತಾ, ಬೇರಾವುದೋ ಮಾತಿನ ನಡುವೆ. 2025ರ ನವೆಂಬರ್‌ನಲ್ಲಿ ಎರಡನೆಯ ಬಾಣಂತನಕ್ಕೆ ನಾನೂ ಜೊತೆಗೆ ಹೊರಡುವುದೆಂದು ಆದಾಗ, ಈ ಸಲ ಅವಳ ಕಾಲು ಊದಬಾರದು ಎಂದು ನಿಶ್ಚಯಿಸಿದೆ. ಕೇಳಿದರೆ ಬೇಡವೆನ್ನುತ್ತಾಳೆ. ಆದ್ದರಿಂದ ಕೇಳದೆಯೇ ನಮ್ಮಿಬ್ಬರ ವಿಮಾನದ ಸೀಟನ್ನು ಮೇಲಿನ ದರ್ಜೆಗೆ ಏರಿಸಿದೆ, ಅಂದರೆ ಅಪ್‌ಗ್ರೇಡ್ ಮಾಡಿಸಿದೆ. ನಿಮ್ಮ ಮನೆಯಲ್ಲೂ ಇಂಥವರು ಇದ್ದರೆ, ನಾನು ಮಾಡಿದ್ದನ್ನು ಬಿಡಿಸಿ ಬರೆಯುತ್ತೇನೆ.

ಮೊದಲು ಯೋಚಿಸಬೇಕಾದದ್ದು ಯಾವ ಹಾರಾಟಕ್ಕೆ ದುಡ್ಡು ಹಾಕಬೇಕು ಎಂಬುದನ್ನು. ನಾವು ಎಮಿರೇಟ್ಸ್‌ನಲ್ಲಿ ದುಬೈ ಮೂಲಕ ಹೋದೆವು. ಬೆಂಗಳೂರಿನಿಂದ ದುಬೈಗೆ ಸುಮಾರು ನಾಲ್ಕು ಗಂಟೆ; ದುಬೈಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹದಿನೈದು ಹದಿನಾರು ಗಂಟೆ. ನಾಲ್ಕು ಗಂಟೆ ಯಾವ ಸೀಟಿನಲ್ಲಾದರೂ ಕಳೆಯಬಹುದು, ಶಿವಮೊಗ್ಗದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಕೂರುತ್ತೇವೆ. ಕಾಲು ಊದುವುದು ಎರಡನೆಯದರಲ್ಲಿ. ಆದ್ದರಿಂದ ಅಪ್‌ಗ್ರೇಡ್ ಮಾಡಿಸಿದ್ದು ಆ ಹಂತಕ್ಕೆ ಮಾತ್ರ. ಎರಡೂ ಹಂತಕ್ಕೆ ಮಾಡಿಸಿದರೆ ಮರ್ಯಾದೆ ಹೆಚ್ಚು ಎಂದು ಭಾವಿಸುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಉಳಿದ ದುಡ್ಡಿನಲ್ಲಿ ಬಳೆಯನ್ನೂ ಮಾಡಿಸಿದೆ.

ಎರಡನೆಯದು, ಯಾವ ದರ್ಜೆ? ಹಾಸಿಗೆಯಂತೆ ಮಲಗುವ ಬಿಸಿನೆಸ್ ದರ್ಜೆ ನನ್ನ ಕೈಗೆ ಎಟುಕುವಂಥದ್ದಲ್ಲ. ಅದಕ್ಕೂ ಸಾಮಾನ್ಯ ಎಕಾನಮಿ ದರ್ಜೆಗೂ ನಡುವೆ ಇರುವ ಪ್ರೀಮಿಯಂ ಎಕಾನಮಿ ಎಟುಕಿತು. ಎಮಿರೇಟ್ಸ್‌ನ ಎ380 ವಿಮಾನದ ಕೆಳಮಹಡಿಯ ಮುಂಭಾಗದಲ್ಲಿ ಅದಕ್ಕೆಂದೇ 56 ಸೀಟುಗಳಿವೆ. ಎಕಾನಮಿಯಲ್ಲಿ ಒಂದು ಸಾಲಿಗೆ 3-4-3 ಎಂದು ಹತ್ತು ಜನ ಕೂತರೆ, ಇಲ್ಲಿ 2-4-2 ಎಂದು ಎಂಟು ಜನ. ಸೀಟು 19.5 ಅಂಗುಲ ಅಗಲ. ಸಾಲಿನಿಂದ ಸಾಲಿಗೆ 40 ಅಂಗುಲದವರೆಗೆ ಅಂತರ. ಬೆನ್ನು 8 ಅಂಗುಲ ಹಿಂದಕ್ಕೆ ಬಾಗುತ್ತದೆ. ಆದರೆ ನಾನು ಇದನ್ನು ಆರಿಸಿದ್ದು ಈ ಅಳತೆಗಳಿಗಾಗಿ ಅಲ್ಲ. ಸೀಟಿನ ಕೆಳಗಿನಿಂದ ಮೀನಖಂಡಕ್ಕೆ ಆಸರೆಯಾಗಿ ಏಳುವ ಒಂದು ಹಲಗೆ ಇದೆ, ಪಾದ ಇಡಲು ಇನ್ನೊಂದು. ಕಾಲು ಗಂಟೆಗಟ್ಟಲೆ ಕೆಳಗೆ ಜೋಲುವುದು ತಪ್ಪುತ್ತದೆ. ಇನ್ನೊಂದು ಅನುಕೂಲವೆಂದರೆ, ಕಿಟಕಿಯ ಪಕ್ಕ ಎರಡೇ ಸೀಟು. ಇಬ್ಬರೇ ಹೋಗುವವರ ನಡುವೆ ಮೂರನೆಯವರಿಲ್ಲ, ಎದ್ದು ಹೋಗಲು ಯಾರ ಕ್ಷಮೆಯನ್ನೂ ಕೇಳಬೇಕಿಲ್ಲ. ಅಕ್ಕನಿಗೆ ಓಡಾಡುವ ದಾರಿಯ ಕಡೆಯ ಸೀಟು ತೆಗೆದುಕೊಂಡೆ. ಎಷ್ಟೇ ಒಳ್ಳೆಯ ಸೀಟಾದರೂ ಎರಡು ಗಂಟೆಗೊಮ್ಮೆ ಎದ್ದು ನಡೆಯಲೇಬೇಕು.

ದರ್ಜೆ ಏರಿಸಿಕೊಳ್ಳುವ ದಾರಿಗಳು ಮೂರು ನಾಲ್ಕು. ಟಿಕೆಟ್ ತೆಗೆದ ಮೇಲೆ ವಿಮಾನ ಸಂಸ್ಥೆಯ ಜಾಲತಾಣದಲ್ಲಿ ನಿಮ್ಮ ಬುಕಿಂಗ್ ತೆರೆದರೆ, ವ್ಯತ್ಯಾಸದ ಹಣ ಕೊಟ್ಟು ಏರಿಸಿಕೊಳ್ಳುವ ಅವಕಾಶ ಕಾಣಿಸುತ್ತದೆ. ನಾನು ಹಿಡಿದದ್ದು ಇದೇ ದಾರಿ, ಏಕೆಂದರೆ ಹಣ ಕಟ್ಟಿದ ಕ್ಷಣ ಸೀಟು ಖಚಿತ. ಪದೇ ಪದೇ ಹಾರುವವರು ಕೂಡಿಸಿಟ್ಟ ಮೈಲುಗಳನ್ನೂ, ಅಂದರೆ ಹಾರಾಟಕ್ಕೆ ಸಂಸ್ಥೆ ಕೊಡುವ ಅಂಕಗಳನ್ನೂ, ಬಳಸಬಹುದು. ಮೂರನೆಯದು ಹರಾಜು: ಲುಫ್ತಾನ್ಸಾ, ಎತಿಹಾದ್‌ನಂಥ ಸಂಸ್ಥೆಗಳು "ಇಷ್ಟು ಕೊಡುತ್ತೇನೆ" ಎಂದು ಮೊತ್ತ ಹೇಳಲು ಬಿಡುತ್ತವೆ, ಒಪ್ಪಿದರೆ ಮಾತ್ರ ಕಾರ್ಡಿನಿಂದ ಹಣ ಹೋಗುತ್ತದೆ. ಮೊತ್ತ ಒಬ್ಬೊಬ್ಬರಿಗೆ, ಒಂದೊಂದು ಹಂತಕ್ಕೆ ಎಂಬುದನ್ನು ಗಮನಿಸಿ, ಇಬ್ಬರೆಂದರೆ ದುಪ್ಪಟ್ಟು. ಹರಾಜಿನ ಉತ್ತರ ಬರುವುದು ಹೊರಡುವ ಒಂದೆರಡು ದಿನ ಮೊದಲು, ಹಾಗಾಗಿ ಅಚ್ಚರಿಗೆ ಅದು ಅಷ್ಟು ಒಗ್ಗುವುದಿಲ್ಲ. ಇನ್ನು, ಒಳ್ಳೆಯ ಬಟ್ಟೆ ತೊಟ್ಟು ಕೌಂಟರಿನಲ್ಲಿ ನಗುತ್ತಾ ಕೇಳಿದರೆ ಪುಕ್ಕಟೆ ಕೊಡುತ್ತಾರೆ ಎಂಬ ಮಾತನ್ನು ನಂಬಬೇಡಿ. ವಿಮಾನ ತುಂಬಿ ಯಾರನ್ನಾದರೂ ಮುಂದಕ್ಕೆ ಕಳಿಸಲೇಬೇಕಾಗಿ ಬಂದರೆ, ಮೊದಲ ಅವಕಾಶ ಸಾಮಾನ್ಯವಾಗಿ ಅವರ ಖಾಯಂ ಪ್ರಯಾಣಿಕರಿಗೆ.

ಹಣ ಕಟ್ಟುವ ಮುನ್ನ ಮೂರು ಲೆಕ್ಕ ನೋಡಿ. ನೀವು ತೆಗೆದ ಟಿಕೆಟ್ ಅಪ್‌ಗ್ರೇಡಿಗೆ ಅರ್ಹವೇ? ತೀರ ಅಗ್ಗದ ಕೆಲವು ದರಗಳಿಗೆ ಆ ಅವಕಾಶ ಇರುವುದಿಲ್ಲ. ಮೊದಲೇ ಮೇಲಿನ ದರ್ಜೆಯ ಟಿಕೆಟ್ ಕೊಂಡಿದ್ದರೆ ಎಷ್ಟಾಗುತ್ತಿತ್ತು? ಕೆಲವೊಮ್ಮೆ ಅದೇ ಅಗ್ಗ. ತೆರಿಗೆ ಎಷ್ಟು? ಎಕಾನಮಿ ಟಿಕೆಟ್‌ಗೆ ಜಿಎಸ್‌ಟಿ ಶೇ 5. ಅದರ ಮೇಲಿನ ದರ್ಜೆಗಳಿಗೆ ಶೇ 12 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇ 18 ಆಗಿದೆ. ಪರದೆಯ ಮೇಲೆ ಮೊದಲು ಕಾಣುವ ಮೊತ್ತವನ್ನೇ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ, ಕೊನೆಯ ಪುಟದವರೆಗೂ ಹೋಗಿ.

ಈಗ ಗುಟ್ಟಿನ ವಿಷಯ. ಇದರಲ್ಲಿ ನನಗೆ ಹಳೆಯ ಪಾಠವೊಂದಿದೆ. ಕೆಲವು ವರ್ಷಗಳ ಹಿಂದೆ ನನ್ನ ಯಜಮಾನರೊಂದಿಗೆ ಪ್ರವಾಸ ಹೋಗುವಾಗ ಇದೇ ಆಸೆಯಿಂದ ಹರಾಜಿನಲ್ಲಿ ಮೊತ್ತ ಹಾಕಿದ್ದೆ. ಆದರೆ ನಮ್ಮಿಬ್ಬರ ಟಿಕೆಟ್‌ಗಳು ಬೇರೆ ಬೇರೆ ಬುಕಿಂಗ್‌ನಲ್ಲಿದ್ದವು. ಒಂದನ್ನು ಒಪ್ಪಿದರು, ಇನ್ನೊಂದನ್ನು ಒಪ್ಪಲಿಲ್ಲ. ಒಪ್ಪಿದ ಸುದ್ದಿ ನೇರವಾಗಿ ಅವರ ಮೊಬೈಲಿಗೆ ಹೋಯಿತು. ಅವರು ಊಟದ ತಟ್ಟೆಯ ಮುಂದೆ ಕುಳಿತು ಅದನ್ನು ಓದಿ, ಏನೂ ಅರ್ಥವಾಗದೆ ನನ್ನ ಮುಖ ನೋಡಿದರು. ಕೊನೆಗೆ ಅವರು ಮುಂದೆ, ನಾನು ಹಿಂದೆ. ಹತ್ತು ಗಂಟೆಯಲ್ಲಿ ಮೂರು ಸಲ ಎದ್ದು ಬಂದು ನನ್ನ ಸೀಟಿನ ಪಕ್ಕ ನಿಂತು ಮಾತಾಡಿಸಿ ಹೋದರು. ಅವರು ನಿದ್ದೆ ಮಾಡಲಿಲ್ಲ, ನಾನೂ ಮಾಡಲಿಲ್ಲ.

ಆದ್ದರಿಂದ ಇಬ್ಬರ ಹೆಸರೂ ಒಂದೇ ಬುಕಿಂಗ್‌ನಲ್ಲಿ, ಅಂದರೆ ಒಂದೇ ಪಿಎನ್‌ಆರ್‌ನಲ್ಲಿ ಇರಲಿ. ಆಗ ಏರಿದರೆ ಇಬ್ಬರೂ ಒಟ್ಟಿಗೆ ಏರಲು ಅನುಕೂಲ. ಸಂಪರ್ಕಕ್ಕೆ ಇಬ್ಬರ ಹೆಸರಿನ ಮುಂದೆಯೂ ನಿಮ್ಮದೇ ಇಮೇಲ್, ನಿಮ್ಮದೇ ಮೊಬೈಲ್ ಸಂಖ್ಯೆ ಕೊಡಿ. ಅವರ ಫೋನಿನಲ್ಲಿ ವಿಮಾನ ಸಂಸ್ಥೆಯ ಆ್ಯಪ್ ಇದ್ದರೆ ಈ ಬುಕಿಂಗ್ ಅದಕ್ಕೆ ಸೇರದಂತೆ ನೋಡಿಕೊಳ್ಳಿ. ಮನೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಟಿಕೆಟ್‌ನ ಪ್ರತಿ ಹಾಕುವ ಅಭ್ಯಾಸ ನಮ್ಮವರಿಗೆ ಬಹಳ; ಹಾಕುವುದಾದರೆ ಅಪ್‌ಗ್ರೇಡಿಗೆ ಮೊದಲಿನದನ್ನು ಹಾಕಿ. ಗುಟ್ಟು ಒಬ್ಬರಿಗೆ ಮಾತ್ರ ಗೊತ್ತಿರಲಿ. ನನ್ನ ವಿಷಯದಲ್ಲಿ ಅದು ಅಕ್ಕನ ಮಗಳು, ತುಂಬು ಬಸುರಿ. ಪ್ರತಿ ಭಾನುವಾರ ವಿಡಿಯೊ ಕರೆಯಲ್ಲಿ ತಾಯಿಯ ಮುಖ ನೋಡುತ್ತಲೇ ಆರು ವಾರ ಬಾಯಿ ಬಿಡಲಿಲ್ಲ.

ಊಟವನ್ನು ಮರೆಯಬೇಡಿ. ಎಲ್ಲರೂ ಎಡವುವುದು ಇಲ್ಲೇ. ವಿಮಾನಗಳಲ್ಲಿ ವಿಶೇಷ ಊಟಕ್ಕೆ ನಾಲ್ಕಕ್ಷರದ ಗುರುತುಗಳಿವೆ. "ಹಿಂದೂ ಊಟ" ಎಂದಿರುವ ಎಚ್‌ಎನ್‌ಎಂಎಲ್ ಸಸ್ಯಾಹಾರವಲ್ಲ. ಅದರಲ್ಲಿ ಗೋಮಾಂಸ ಇರುವುದಿಲ್ಲ, ಕೋಳಿಯೋ ಕುರಿಯೋ ಮೀನೋ ಇರಬಹುದು. ಹೆಸರು ನೋಡಿ ಅದನ್ನೇ ಆರಿಸಿ, ತಟ್ಟೆ ಬಂದ ಮೇಲೆ ಕೈಕಟ್ಟಿ ಕುಳಿತ ಹಿರಿಯರನ್ನು ನಾನೇ ಕಂಡಿದ್ದೇನೆ. ನಮ್ಮ ಸಸ್ಯಾಹಾರಿಗಳಿಗೆ ಬೇಕಾದದ್ದು ಎವಿಎಂಎಲ್. ಈರುಳ್ಳಿ, ಬೆಳ್ಳುಳ್ಳಿ ತಿನ್ನದವರಿಗೆ ಜೈನ ಊಟ, ವಿಜೆಎಂಎಲ್. ದರ್ಜೆ ಬದಲಾದಾಗ ಮೊದಲು ಕೇಳಿಟ್ಟ ಊಟದ ಬೇಡಿಕೆ ಕೆಲವೊಮ್ಮೆ ಹಿಂದೆಯೇ ಉಳಿದುಬಿಡುತ್ತದೆ. ಅಪ್‌ಗ್ರೇಡ್ ಆದ ಮೇಲೆ ಬುಕಿಂಗ್ ಮತ್ತೆ ತೆರೆದು, ಊಟ ಇದೆಯೇ, ಗಾಲಿಕುರ್ಚಿ ಕೇಳಿದ್ದರೆ ಅದು ಇದೆಯೇ, ಹಣ ಕೊಟ್ಟು ಕಾದಿರಿಸಿದ್ದ ಸೀಟು ಏನಾಯಿತು ಎಂದು ಒಂದೊಂದಾಗಿ ನೋಡಿ. ಹೊರಡುವುದಕ್ಕೆ 24 ಗಂಟೆ ಉಳಿದಿರುವಾಗಲೇ ಇದು ಮುಗಿದಿರಬೇಕು. ಪ್ರೀಮಿಯಂ ಎಕಾನಮಿ ಟಿಕೆಟ್‌ಗೆ ನಿಲ್ದಾಣದ ಲೌಂಜ್ (ವಿಶೇಷ ವಿಶ್ರಾಂತಿ ಕೋಣೆ) ಪ್ರವೇಶ ಸಾಮಾನ್ಯವಾಗಿ ಸೇರಿರುವುದಿಲ್ಲ ಎಂಬುದೂ ತಿಳಿದಿರಲಿ.

ವಿಮಾನ ನಿಲ್ದಾಣದಲ್ಲಿ ಗುಟ್ಟು ಬಯಲಾಗುವ ಜಾಗ ಚೆಕ್-ಇನ್ ಕೌಂಟರ್. ಅಲ್ಲಿ ಕುಳಿತವರು ಒಳ್ಳೆಯ ಮನಸ್ಸಿನಿಂದಲೇ ದರ್ಜೆಯ ಹೆಸರನ್ನು ಗಟ್ಟಿಯಾಗಿ ಹೇಳಿಬಿಡುತ್ತಾರೆ. ನಾನು ಒಂದು ಚೀಟಿ ಬರೆದುಕೊಂಡು ಹೋಗಿದ್ದೆ: "ಎರಡನೆಯ ವಿಮಾನದ ಸೀಟಿನ ವಿಷಯ ಅಕ್ಕನಿಗೆ ಗೊತ್ತಿಲ್ಲ. ದಯವಿಟ್ಟು ಹೇಳಬೇಡಿ." ಕನ್ನಡದಲ್ಲಿ ಒಮ್ಮೆ, ಕೆಳಗೆ ಇಂಗ್ಲಿಷಿನಲ್ಲಿ ಒಮ್ಮೆ. ಅದನ್ನು ನನ್ನ ಪಾಸ್‌ಪೋರ್ಟಿನ ಫೋಟೊ ಇರುವ ಪುಟದಲ್ಲಿ ಇಟ್ಟುಕೊಟ್ಟೆ. ಬೆಂಗಳೂರಿನ ಎರಡನೆಯ ಟರ್ಮಿನಲ್‌ನಲ್ಲಿ ಅಕ್ಕ ತಲೆಯೆತ್ತಿ ಚಾವಣಿಯ ಬಿದಿರನ್ನು, ತೂಗುವ ಗಿಡಗಳನ್ನು ನೋಡುತ್ತಾ ನಿಂತಿದ್ದಳು. ಕೌಂಟರಿನ ಹುಡುಗಿ ಚೀಟಿ ಓದಿದಳು. ತಲೆ ಎತ್ತಲಿಲ್ಲ. ನಾಲ್ಕು ಬೋರ್ಡಿಂಗ್ ಪಾಸ್ ಮುದ್ರಿಸಿ, ದುಬೈವರೆಗಿನ ಎರಡನ್ನು ಮೇಲಿಟ್ಟು, ಉಳಿದೆರಡನ್ನು ಮಡಚಿ ನನ್ನ ಪಾಸ್‌ಪೋರ್ಟಿನ ಒಳಗೆ ಸೇರಿಸಿದಳು. ಚೀಟಿಯ ಹಿಂದೆ "ಶುಭ ಪ್ರಯಾಣ" ಎಂದು ಬರೆದಿದ್ದಳು. ಆ ಚೀಟಿ ಇನ್ನೂ ನನ್ನ ಹತ್ತಿರ ಇದೆ.

ಇಮಿಗ್ರೇಷನ್‌ನಲ್ಲಿ ಅವರವರ ಪಾಸ್‌ಪೋರ್ಟ್, ಬೋರ್ಡಿಂಗ್ ಪಾಸ್ ಅವರವರ ಕೈಯಲ್ಲೇ ಇರಬೇಕು. ಅಲ್ಲಿ ಮೊದಲ ವಿಮಾನದ ಪಾಸ್ ಸಾಕಾಯಿತು. ನಿಮ್ಮದು ನೇರ ಹಾರಾಟವಾದರೆ ಈ ಅನುಕೂಲ ಇರುವುದಿಲ್ಲ. ಓದುವ ಕಣ್ಣಿರುವವರ ಕೈಗೆ ಪಾಸ್ ಹೋದರೆ ದರ್ಜೆ ಅಲ್ಲೇ ಅಚ್ಚಾಗಿರುತ್ತದೆ. ಅಂಥ ಸಂದರ್ಭದಲ್ಲಿ ಕೌಂಟರಿನಲ್ಲೇ ಹೇಳಿಬಿಡುವುದು ಚೆನ್ನ. ಗುಟ್ಟು ಕಾಪಾಡುವ ಭರದಲ್ಲಿ ಅವರ ಕಾಗದಪತ್ರವನ್ನು ಅವರಿಂದಲೇ ಬಚ್ಚಿಡುವುದು ನನಗೆ ಸರಿ ಕಾಣುವುದಿಲ್ಲ.

ದುಬೈ ಗೇಟಿನಲ್ಲಿ ಪಾಸನ್ನು ಅಕ್ಕನ ಕೈಗೆ ಕೊಟ್ಟೆ. ಅವಳು ಸೀಟಿನ ಸಂಖ್ಯೆ ಮಾತ್ರ ನೋಡಿದಳು. ಒಳಗೆ ಹೋಗಿ, ಕೆನೆಬಣ್ಣದ ಚರ್ಮದ ಹೊದಿಕೆಯ ಸೀಟಿನ ಮುಂದೆ ನಿಂತು, "ಇದು ನಮ್ಮದಲ್ಲ, ಮುಂದೆ ನಡಿ" ಎಂದಳು. ನಮ್ಮದೇ ಎಂದೆ. ಪಾಸಿನ ಅಂಕಿಯನ್ನೂ ತಲೆಯ ಮೇಲಿನ ಅಂಕಿಯನ್ನೂ ಎರಡು ಸಲ ಹೋಲಿಸಿ ನೋಡಿ ಕುಳಿತಳು. ಅಂಗೈಯಿಂದ ಸೀಟಿನ ಕೈಯನ್ನು ಒಮ್ಮೆ ಸವರಿದಳು, ಹೊಸ ಪುಸ್ತಕದ ರಟ್ಟು ಸವರುವ ಹಾಗೆ. ಆ ಹೊತ್ತಿಗೆ ಮೊಬೈಲ್ ಎತ್ತಿ ಅವರ ಮುಖದ ಮುಂದೆ ಹಿಡಿಯಬೇಡಿ. ಸುಮ್ಮನೆ ಪಕ್ಕದಲ್ಲಿ ಕುಳಿತಿರಿ. ಕಾಲಿನ ಹಲಗೆಯ ಗುಂಡಿ ಎಲ್ಲಿದೆ ಎಂದು ತೋರಿಸಿ, ಅಷ್ಟೇ.

ಬೆಲೆಯ ಪ್ರಶ್ನೆ ಬಂದೇ ಬರುತ್ತದೆ. ಅಕ್ಕ ವಿಮಾನ ಮೇಲೇರುವ ಮುನ್ನವೇ ಕೇಳಿದಳು. ಸುಳ್ಳು ಹೇಳಬೇಡಿ, ಪುಕ್ಕಟೆ ಸಿಕ್ಕಿತು ಎಂದೂ ಹೇಳಬೇಡಿ. ಮುಂದೊಂದು ದಿನ ಗೊತ್ತಾದಾಗ ಸಂತೋಷ ಹುಳಿಯಾಗುತ್ತದೆ. ನಾನು ಹೇಳಿದ್ದು ಇಷ್ಟು: "ಹಣ ಕಟ್ಟಿ ಆರು ವಾರವಾಯಿತು. ಬಳೆಯನ್ನೂ ಮಾಡಿಸಿದ್ದೇನೆ, ಕೈಚೀಲದಲ್ಲಿದೆ." ಬಳೆಯ ಡಬ್ಬಿ ತೆಗೆದು ಅವಳ ಮಡಿಲಲ್ಲಿಟ್ಟೆ. ಆಮೇಲೆ ಅವಳು ಕೇಳಲಿಲ್ಲ.

ಎಲ್ಲರಿಗೂ ಈ ಅಚ್ಚರಿ ಹೊಂದುವುದಿಲ್ಲ ಎಂಬುದನ್ನೂ ಹೇಳಬೇಕು. ಶೌಚಾಲಯದ ಹತ್ತಿರವೇ ಸೀಟು ಬೇಕೆಂದು ಹುಡುಕಿ ಆರಿಸಿದವರು, ತಮ್ಮ ಗುಂಪಿನ ಜೊತೆಯಲ್ಲೇ ಇರಬೇಕೆನ್ನುವವರು, ಯಾವುದೇ ಬದಲಾವಣೆಯಿಂದ ಗಾಬರಿಗೊಳ್ಳುವವರು, ಇವರಿಗೆ ಮೊದಲೇ ಹೇಳಿ. ದುಡ್ಡು ಒಂದೇ ಸೀಟಿಗೆ ಸಾಲುವುದಾದರೆ, ಭಾಷೆ ಬಾರದ ಹಿರಿಯರನ್ನು ಒಬ್ಬರನ್ನೇ ಮುಂದೆ ಕೂರಿಸಿ ನೀವು ಹಿಂದೆ ಹೋಗಬೇಡಿ. ಇಬ್ಬರೂ ಹಿಂದೆಯೇ ಒಟ್ಟಿಗೆ ಇರಿ, ಓಡಾಡುವ ದಾರಿಯ ಕಡೆಯ ಒಳ್ಳೆಯ ಸೀಟನ್ನು ಹಣ ಕೊಟ್ಟು ಅವರಿಗೆ ಕಾದಿರಿಸಿ.

ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿಯುವ ಮುನ್ನ ಅಕ್ಕ ಬಗ್ಗಿ ಚಪ್ಪಲಿ ಹುಡುಕಿದಳು. ಪಟ್ಟಿ ಸಡಿಲಿಸದೆಯೇ ಎರಡೂ ಪಾದ ಒಳಗೆ ಹೋದವು. ಮೂರು ತಿಂಗಳ ಬಾಣಂತನ ಮುಗಿಯುತ್ತ ಬಂದಾಗ ಒಂದು ಸಂಜೆ, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, "ವಾಪಸು ಹೋಗುವಾಗ ಆ ಕಾಲಿನ ಹಲಗೆ ಇರುವುದಿಲ್ಲ ಅಲ್ಲವೇ?" ಎಂದು ಕೇಳಿದಳು. ಫೋನ್ ತೆಗೆದು ಬುಕಿಂಗ್ ತೆರೆದು ಅವಳಿಗೇ ಕೊಟ್ಟೆ. ಕನ್ನಡಕ ಹಾಕಿಕೊಂಡು ಮೊತ್ತ ಓದಿದಳು, ಸ್ವಲ್ಪ ಹೊತ್ತು ಮಗುವಿನ ಬೆನ್ನು ತಟ್ಟುತ್ತಾ ಕುಳಿತಳು, ಆಮೇಲೆ "ನನ್ನ ಪಿಂಚಣಿಯಿಂದ ಇಬ್ಬರದೂ ಕಟ್ಟು" ಎಂದಳು.