ವಿಮೆ ಫಾರ್ಮಿನಲ್ಲಿ ಕಾಯಿಲೆ ಬಚ್ಚಿಡಬೇಡಿ

ಶುಗರ್, ಆಸ್ತಮಾ, ಸಂಧಿವಾತ ಇರುವವರು ಬೇರೆ ದೇಶಕ್ಕೆ ಹೋಗಿ ನೆಲೆಸುವಾಗ ವೀಸಾಕ್ಕಾಗಿ ತಿಂಗಳುಗಟ್ಟಲೆ ಓಡಾಡುತ್ತಾರೆ. ಆರೋಗ್ಯ ವಿಮೆಗೆ ಮಾತ್ರ ಹೊರಡುವ ವಾರ ಏಜೆಂಟ್ ತೋರಿಸಿದ ಕಡೆ ಸಹಿ ಹಾಕಿ ಮುಗಿಸುತ್ತಾರೆ. ಫಾರ್ಮಿನಲ್ಲಿ ಏನು ಬರೆದಿತ್ತು ಅಂತ ನೋಡುವುದು ಕ್ಲೇಮ್ ತಿರಸ್ಕಾರವಾದ ಮೇಲೆ.

1. ಮೊದಲು ಆ ದೇಶದ ಪದ್ಧತಿ ನೋಡಿ. ಎಷ್ಟೋ ಕಡೆ ನಿಮಗೆ ದುಬಾರಿ ಖಾಸಗಿ ಪಾಲಿಸಿಯೇ ಬೇಕಿಲ್ಲ. ನೆದರ್ಲೆಂಡ್ಸ್, ಸ್ವಿಟ್ಜರ್ಲೆಂಡ್‌ಗಳಲ್ಲಿ ಕಾಯಿಲೆ ಇದೆ ಎಂದು ಕಂಪನಿಗಳು ಮೂಲ ವಿಮೆಯನ್ನು ನಿರಾಕರಿಸುವಂತಿಲ್ಲ. ಆದರೆ ಹೋಗಿ ನೆಲೆಸಿದ ಮೇಲೆ ಮೊದಲನೆಯದರಲ್ಲಿ 4 ತಿಂಗಳು, ಎರಡನೆಯದರಲ್ಲಿ 3 ತಿಂಗಳೊಳಗೆ ಮಾಡಿಸಲೇಬೇಕು. ಬ್ರಿಟನ್‌ನಲ್ಲಿ 6 ತಿಂಗಳು ಮೀರಿದ ವೀಸಾದ ಜೊತೆಗೇ ಆರೋಗ್ಯ ಶುಲ್ಕ ಕಟ್ಟಿಸಿಕೊಳ್ಳುತ್ತಾರೆ. ಹಳೆಯ ಕಾಯಿಲೆಗೂ ಸರ್ಕಾರಿ ಚಿಕಿತ್ಸೆ ಸಿಗುತ್ತದೆ. ಜರ್ಮನಿಯಲ್ಲಿ ಸಂಬಳ ಜಾಸ್ತಿ ಇದ್ದವರು ಖಾಸಗಿ ವಿಮೆ ಆರಿಸಿಕೊಳ್ಳಬಹುದು. ಕಾಯಿಲೆ ಇದ್ದವರು ಆ ಕಡೆ ತಲೆ ಹಾಕಬೇಡಿ. ಅಲ್ಲಿ ನಿಮ್ಮ ಕಾಯಿಲೆ ನೋಡಿ ಪ್ರೀಮಿಯಂ ಏರಿಸುತ್ತಾರೆ, ಇಲ್ಲವೇ ಬೇಡ ಎನ್ನುತ್ತಾರೆ. 55 ದಾಟಿದ ಮೇಲೆ ಸಾರ್ವಜನಿಕ ವಿಮೆಗೆ ಮರಳುವುದಂತೂ ಹೆಚ್ಚುಕಡಿಮೆ ಅಸಾಧ್ಯ. ಅಮೆರಿಕದಲ್ಲಿ 2014ರಿಂದ ಸಾಮಾನ್ಯ ಆರೋಗ್ಯ ವಿಮೆಯನ್ನು ಕಾಯಿಲೆಯ ಕಾರಣಕ್ಕೆ ನಿರಾಕರಿಸುವಂತಿಲ್ಲ. ಅಗ್ಗದ ಅಲ್ಪಾವಧಿ ಪಾಲಿಸಿಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ.

2. ಪ್ರವಾಸಿ ವಿಮೆಯನ್ನು ನಂಬಿ ಹೋಗಬೇಡಿ. ಅದು ತುರ್ತು ಚಿಕಿತ್ಸೆಗೆ ಇರುವುದು, ತಿಂಗಳ ಮಾತ್ರೆಗಲ್ಲ.

3. ಇನ್ನು ಖಾಸಗಿ ಪಾಲಿಸಿ ಬೇಕೇ ಬೇಕು ಎಂದಾದರೆ ಆರೋಗ್ಯ ಘೋಷಣೆಯ ಫಾರ್ಮ್. ಜನ ಎಡವುವುದು ಇಲ್ಲೇ. 'ಕಳೆದ ಐದು ವರ್ಷಗಳಲ್ಲಿ ಚಿಕಿತ್ಸೆ ಪಡೆದಿದ್ದೀರಾ?' ಎಂಬ ಪ್ರಶ್ನೆ ಇರುತ್ತದೆ. ಶುಗರ್ ಕಂಟ್ರೋಲಲ್ಲಿದೆ, ಹಾಗಾಗಿ 'ಇಲ್ಲ' ಅಂತ ಟಿಕ್ ಮಾಡುತ್ತಾರೆ. ಕಂಟ್ರೋಲಲ್ಲಿರುವುದು ಮಾತ್ರೆಯಿಂದ ಅಲ್ವಾ? ಮಾತ್ರೆ ಅಂದರೆ ಚಿಕಿತ್ಸೆ. ದೊಡ್ಡ ಕ್ಲೇಮ್ ಬಂದಾಗ ಕಂಪನಿ ಹಳೇ ದಾಖಲೆ ತರಿಸಿ ನೋಡುತ್ತದೆ. ಮುಚ್ಚಿಟ್ಟಿದ್ದು ಗೊತ್ತಾದರೆ ಪಾಲಿಸಿಯನ್ನೇ ರದ್ದು ಮಾಡಬಹುದು. ಆಗ ಮುರಿದ ಕಾಲಿಗೂ ದುಡ್ಡು ಬರುವುದಿಲ್ಲ.

ಫಾರ್ಮ್ ಮುಟ್ಟುವ ಮೊದಲು ವೈದ್ಯರಿಂದ ಒಂದು ಪತ್ರ ಬರೆಸಿಕೊಳ್ಳಿ. ಅದನ್ನು ಎದುರಿಗಿಟ್ಟುಕೊಂಡು ಹೀಗೆ ತುಂಬಿ: 'ಟೈಪ್ 2 ಮಧುಮೇಹ. 2016ರಲ್ಲಿ ಪತ್ತೆ. ಮೆಟ್‌ಫಾರ್ಮಿನ್ 500 ಮಿ.ಗ್ರಾಂ, ದಿನಕ್ಕೆರಡು. ಕೊನೆಯ ಎಚ್‌ಬಿಎ1ಸಿ 7.1. ಆಸ್ಪತ್ರೆಗೆ ದಾಖಲಾಗಿಲ್ಲ.' (ಎಚ್‌ಬಿಎ1ಸಿ ಅಂದರೆ ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ.) ಔಷಧಿಯ ಬ್ರ್ಯಾಂಡ್ ಹೆಸರು ಬೇಡ, ದೇಶ ಬದಲಾದರೆ ಅದೂ ಬದಲಾಗುತ್ತದೆ. ಇತ್ತೀಚೆಗೆ ಡೋಸ್ ಬದಲಾಗಿದ್ದರೆ ತಾರೀಖು ಸಮೇತ ಬರೆಯಿರಿ. ಏಜೆಂಟ್ 'ಇದೆಲ್ಲ ಸುಮ್ನೆ ಯಾಕೆ, ಬಿಡಿ' ಅಂದರೆ ಏಜೆಂಟನ್ನೇ ಬಿಡಿ. ಸಹಿ ನಿಮ್ಮದು.

ಏನೂ ಪ್ರಶ್ನೆ ಕೇಳದೆ ಕೊಡುವ ಪಾಲಿಸಿಗಳೂ ಇವೆ. ಅವಕ್ಕೆ ಮೊರಟೋರಿಯಂ ಪಾಲಿಸಿ ಎನ್ನುತ್ತಾರೆ. ಸಾಮಾನ್ಯವಾಗಿ ಎರಡು ವರ್ಷ ಲಕ್ಷಣ, ಔಷಧಿ, ತಪಾಸಣೆ ಯಾವುದೂ ಇರದಿದ್ದರೆ ಮಾತ್ರ ಹಳೇ ಕಾಯಿಲೆಗೆ ರಕ್ಷಣೆ ಸಿಗುತ್ತದೆ. ದಿನಾ ಮಾತ್ರೆ ನುಂಗುವವರಿಗೆ ಆ ಎರಡು ವರ್ಷ ಯಾವತ್ತೂ ಮುಗಿಯುವುದಿಲ್ಲ. ನನ್ನ ಮಾತು ಕೇಳಿದರೆ, ಎಲ್ಲ ಹೇಳಿ, ಹೆಚ್ಚು ಪ್ರೀಮಿಯಂ ಕಟ್ಟಿ, ಕಾಯಿಲೆಯನ್ನೂ ಸೇರಿಸಿಕೊಂಡ ಪಾಲಿಸಿ ತೆಗೆದುಕೊಳ್ಳಿ.

ಕಂಪನಿ ಒಪ್ಪಿದ ಮೇಲೆ ಒಂದು ಇಮೇಲ್ ಹಾಕಿ: ಮಧುಮೇಹಕ್ಕೆ 'ಸಂಬಂಧಿಸಿದ' ಕಾಯಿಲೆ ಎಂದರೆ ಯಾವ್ಯಾವು? ಕಣ್ಣು, ಕಿಡ್ನಿ, ಹೃದಯವನ್ನೂ ಅದಕ್ಕೇ ಸೇರಿಸಿ ಹೊರಗಿಡುವುದುಂಟು. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ, ಬರವಣಿಗೆಯಲ್ಲೇ ಉತ್ತರ ತರಿಸಿಕೊಳ್ಳಿ.

4. ಹೊಸ ವಿಮೆ ಶುರುವಾಗುವ ತನಕ ಹಳೆಯದನ್ನು ನಿಲ್ಲಿಸಬೇಡಿ.

5. ನಡುವಿನ ದಿನಗಳಿಗೆ ಔಷಧಿ ಒಯ್ಯಿರಿ. ಆದರೆ ಆ ದೇಶದ ನಿಯಮ ನೋಡಿಕೊಂಡು. ಜಪಾನಿಗೆ ಒಂದು ತಿಂಗಳಿಗಿಂತ ಹೆಚ್ಚಿನ ಔಷಧಿ ಒಯ್ಯಲು ಮೊದಲೇ ಅನುಮತಿ ಪತ್ರ ಬೇಕು. ಇನ್ಸುಲಿನ್ ಕೈಚೀಲದಲ್ಲಿರಲಿ, ವಿಮಾನದ ಲಗೇಜ್ ಜಾಗದ ಚಳಿಗೆ ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬಾರದು.