ನಾಯಿಗೆ ಪದೇ ಪದೇ ಹೊಟ್ಟೆ ಕೆಡುತ್ತಿದೆಯೇ? ಊಟ ಬದಲಿಸುವುದು ಹೀಗೆ

ಬೆಳಿಗ್ಗೆ ಎದ್ದು ನೋಡಿದರೆ ನೆಲದ ಮೇಲೆ ಹಳದಿ ನೊರೆಯ ವಾಂತಿ. ಸಂಜೆ ವಾಕಿಂಗ್ ಹೋದರೆ ಭೇದಿ. ಎರಡು ದಿನ ಸರಿ ಇರುತ್ತದೆ, ಮೂರನೆಯ ದಿನ ಮತ್ತೆ ಅದೇ ಪಾಡು. ಬಾಯಿ ಬಿಟ್ಟು ಹೇಳಲಾರದ ಪ್ರಾಣಿ ಹೀಗೆ ಒದ್ದಾಡುವುದನ್ನು ನೋಡುವುದು ಕಷ್ಟ. ಆ ಗಾಬರಿಯಲ್ಲಿ ನಾವು ಕೈಗೆ ಸಿಕ್ಕಿದ್ದೆಲ್ಲ ಮಾಡುತ್ತೇವೆ. ಇವತ್ತು ಒಂದು ಹೊಸ ಆಹಾರ, ನಾಳೆ ಇನ್ನೊಂದು, ಜೊತೆಗೆ ಯಾರೋ ಹೇಳಿದ ಪುಡಿ. ನಾನೂ ನನ್ನ ನಾಯಿಗೆ ಎರಡೇ ವಾರದಲ್ಲಿ ಮೂರು ಬಗೆಯ ಆಹಾರ ಬದಲಿಸಿದ್ದೆ. ಭೇದಿ ನಿಲ್ಲಲಿಲ್ಲ. ಯಾವುದು ಒಗ್ಗಿತು, ಯಾವುದು ಒಗ್ಗಲಿಲ್ಲ ಎಂಬುದೂ ತಿಳಿಯಲಿಲ್ಲ. ಸೂಕ್ಷ್ಮ ಹೊಟ್ಟೆಯ ನಾಯಿಗೆ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು, ಅದನ್ನೂ ನಿಧಾನವಾಗಿ ಮಾಡಬೇಕು. ಮುಂದಿನ ಹಂತಗಳೆಲ್ಲ ನಿಂತಿರುವುದು ಇದರ ಮೇಲೆ.

ಮೊದಲು ಇದು ಊಟದ ತೊಂದರೆಯೇ ಎಂದು ನೋಡಿ

ಮಲದಲ್ಲಿ ರಕ್ತ, ಡಾಂಬರಿನಂಥ ಕಪ್ಪು ಮಲ, ಬಿಡದೆ ವಾಂತಿ, ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲದಿರುವುದು, ಮಂಕಾಗಿ ಬಿದ್ದುಕೊಳ್ಳುವುದು – ಇವುಗಳಲ್ಲಿ ಒಂದು ಕಂಡರೂ ಅವತ್ತೇ ಪಶುವೈದ್ಯರ ಹತ್ತಿರ ಹೋಗಿ. ಹೊಟ್ಟೆ ಉಬ್ಬಿ, ಎಷ್ಟು ಓಕರಿಸಿದರೂ ಏನೂ ಹೊರಗೆ ಬರದಿದ್ದರೆ ಒಂದು ನಿಮಿಷವೂ ಕಾಯಬೇಡಿ. ಜಠರ ತಿರುಚಿಕೊಂಡಿರಬಹುದು. ಎದೆ ಆಳವಾಗಿರುವ ದೊಡ್ಡ ತಳಿಗಳಲ್ಲಿ ಇದು ಜಾಸ್ತಿ. ಮರಿಗಳಿಗೆ ಭೇದಿ, ವಾಂತಿಯಾದರೂ ಕಾದು ನೋಡುವುದು ಬೇಡ, ಅದು ಪಾರ್ವೊ ಎಂಬ ವೈರಸ್ ಕಾಯಿಲೆ ಇರಬಹುದು.

ಇಂಥ ಲಕ್ಷಣ ಇಲ್ಲದೆ ಪದೇ ಪದೇ ಮಲ ಸಡಿಲವಾಗುತ್ತಿದ್ದರೂ ಒಮ್ಮೆ ಮಲ ಪರೀಕ್ಷೆ ಮಾಡಿಸಿ. ಜಂತುಹುಳು ಅಥವಾ ಜಿಯಾರ್ಡಿಯಾ ಎಂಬ ಕರುಳಿನ ಸೂಕ್ಷ್ಮ ಪರಾವಲಂಬಿ ಇದ್ದರೆ ಎಷ್ಟು ಒಳ್ಳೆಯ ಊಟ ಹಾಕಿದರೂ ಭೇದಿ ನಿಲ್ಲುವುದಿಲ್ಲ. ನಾವು ನುಂಗುವ ಮಾತ್ರೆಗಳನ್ನು ಮಾತ್ರ ನಾಯಿಗೆ ಕೊಡಲೇಬೇಡಿ. ನೋವಿಗೆ ನುಂಗುವ ಐಬುಪ್ರೊಫೇನ್ ನಾಯಿಯ ಜಠರದಲ್ಲಿ ಹುಣ್ಣು ಮಾಡುತ್ತದೆ, ಮೂತ್ರಪಿಂಡವನ್ನೂ ಕೆಡಿಸುತ್ತದೆ.

ಒಂದು ವಾರ ಬರೆದಿಡಿ

ಇದು ಬೇಜಾರಿನ ಕೆಲಸ ಅನ್ನಿಸಬಹುದು. ಆದರೆ ನನ್ನ ಮಟ್ಟಿಗೆ ಅತಿ ಮುಖ್ಯವಾದ ಹಂತ ಇದೇ. ನಾಯಿಯ ಬಾಯಿಗೆ ಹೋಗುವುದನ್ನೆಲ್ಲ ಬರೆಯಿರಿ. ಬಟ್ಟಲಿಗೆ ಹಾಕಿದ್ದಷ್ಟೇ ಅಲ್ಲ. ಮಗು ಕೆಳಗೆ ಬೀಳಿಸಿದ ಬಿಸ್ಕತ್ತು, ಅಜ್ಜಿ ಪ್ರೀತಿಯಿಂದ ಕೊಟ್ಟ ತುಂಡು, ಅಗಿಯುವ ಕೋಲು, ವಾಕಿಂಗ್‌ನಲ್ಲಿ ಮೂಸಿ ನುಂಗಿದ್ದು, ಎಲ್ಲವೂ ಇರಲಿ. ಮನೆಯವರೆಲ್ಲರೂ ಒಂದೇ ಪುಸ್ತಕದಲ್ಲಿ ಬರೆಯಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ.

ಪಕ್ಕದಲ್ಲೇ ಮಲ ಹೇಗಿತ್ತು ಎಂದು ಬರೆಯಿರಿ. ಪಶುವೈದ್ಯರು ಬಳಸುವ 1ರಿಂದ 7ರ ಅಳತೆ ಇದಕ್ಕೆ ಅನುಕೂಲ. 1 ಎಂದರೆ ಒಣಗಿದ ಗಟ್ಟಿ ಉಂಡೆ, 7 ಎಂದರೆ ಬರೀ ನೀರು. 2 ಅಥವಾ 3 ಇದ್ದರೆ ಚೆನ್ನ: ಆಕಾರ ಇರುತ್ತದೆ, ಎತ್ತಿದರೆ ನೆಲಕ್ಕೆ ಅಷ್ಟಾಗಿ ಅಂಟುವುದಿಲ್ಲ. ವಾಂತಿಯಾದರೆ ಸಮಯವನ್ನೂ ಬರೆದುಕೊಳ್ಳಿ. ಬೆಳಗಿನ ಜಾವ ಮಾತ್ರ ಹಳದಿ ನೀರು ಕಕ್ಕುವ ನಾಯಿಗೆ ಎಷ್ಟೋ ಸಲ ಊಟ ಒಗ್ಗದೆ ಇರುವುದಲ್ಲ, ರಾತ್ರಿಯಿಡೀ ಹೊಟ್ಟೆ ಖಾಲಿ ಇರುವುದೇ ತೊಂದರೆ. ಮಲಗುವ ಮುಂಚೆ ದಿನದ ಪಾಲಿನಲ್ಲೇ ಸ್ವಲ್ಪ ತೆಗೆದಿಟ್ಟು ಹಾಕಿದರೆ ಅದು ಕಡಿಮೆಯಾಗಬಹುದು.

ಮೇಲಿನ ತಿಂಡಿ ನಿಲ್ಲಿಸಿ

ಮುಖ್ಯ ಊಟವನ್ನು ಇನ್ನೂ ಮುಟ್ಟಬೇಡಿ. ಮೊದಲು ಮೇಲಿನದೆಲ್ಲ ಹೋಗಲಿ. ನಮ್ಮ ತಟ್ಟೆಯ ಕೊಬ್ಬಿನ ಚೂರು, ಕರಿದ ತಿಂಡಿಯಂತೂ ಬೇಡವೇ ಬೇಡ. ಒಮ್ಮೆಗೇ ಜಾಸ್ತಿ ಕೊಬ್ಬು ತಿಂದ ನಾಯಿಗೆ ಮೇದೋಜೀರಕ ಗ್ರಂಥಿ ಊದಿಕೊಂಡು ಜೀವಕ್ಕೇ ಅಪಾಯ ಆಗಬಹುದು. ಹಾಲೂ ಅಷ್ಟೇ. ಬೆಳೆದ ಎಷ್ಟೋ ನಾಯಿಗಳಿಗೆ ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆ ಅರಗುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಜೈಲಿಟಾಲ್ (ಸಕ್ಕರೆ ಬದಲಿಗೆ ಹಾಕುವ ಸಿಹಿಕಾರಕ) ಇರುವ ಸಿಹಿ ಇವು ನಾಯಿಗೆ ವಿಷ. ಬೇಯಿಸಿದ ಮೂಳೆ ಸೀಳಿ ಕರುಳಿಗೆ ಚುಚ್ಚಬಹುದು.

ಮುಂದೆ ಹೊಟ್ಟೆ ಸರಿಯಾದ ಮೇಲೂ ಬಹುಮಾನದ ತಿಂಡಿ ದಿನದ ಕ್ಯಾಲೊರಿಯ 10 ಶೇಕಡಾ ದಾಟದಿರಲಿ. ಮೇಲಿನ ತಿಂಡಿ ನಿಲ್ಲಿಸುವುದೊಂದರಿಂದಲೇ ಕೆಲವು ನಾಯಿಗಳ ಹೊಟ್ಟೆ ತಾನಾಗಿ ಸರಿಹೋಗುತ್ತದೆ.

ಭೇದಿ ಇರುವ ದಿನಗಳಲ್ಲಿ

ಚರ್ಮ, ಮೂಳೆ ತೆಗೆದು ಬರೀ ನೀರಿನಲ್ಲಿ ಬೇಯಿಸಿದ ಕೋಳಿಮಾಂಸ ಒಂದು ಪಾಲು, ಮೆತ್ತಗೆ ಬೆಂದ ಬಿಳಿ ಅನ್ನ ಎರಡು ಪಾಲು. ಉಪ್ಪು, ಎಣ್ಣೆ, ಮಸಾಲೆ ಏನೂ ಬೇಡ. ಕೋಳಿ ಒಗ್ಗುವುದಿಲ್ಲ ಎಂಬ ಅನುಮಾನ ಇದ್ದರೆ ಬದಲಿಗೆ ಏನು ಹಾಕಬಹುದು ಎಂದು ವೈದ್ಯರನ್ನು ಕೇಳಿ. ಒಂದೇ ಸಲ ಬಟ್ಟಲು ತುಂಬಿಸದೆ ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ಕೊಡಿ. ನೀರು ಯಾವಾಗಲೂ ಸಿಗುವಂತಿರಲಿ. ಎರಡು ದಿನದಲ್ಲಿ ಸುಧಾರಿಸದಿದ್ದರೆ ವೈದ್ಯರಿಗೆ ತೋರಿಸಿ. ಸುಧಾರಿಸಿದರೆ ಹಳೆಯ ಊಟವನ್ನು ಮೆಲ್ಲಗೆ ಬೆರೆಸುತ್ತಾ ಬನ್ನಿ.

ಇದು ಚೆನ್ನಾಗಿ ಒಗ್ಗಿತು ಅಂತ ತಿಂಗಳುಗಟ್ಟಲೆ ಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇದರಲ್ಲಿ ಕ್ಯಾಲ್ಸಿಯಂ ಸಾಲದು, ಬೇಕಾದ ಇನ್ನೂ ಹಲವು ಅಂಶಗಳು ಇಲ್ಲ.

ಹೊಸ ಊಟಕ್ಕೆ ಹತ್ತು ದಿನ

ಹೊಟ್ಟೆ ಒಂದು ಹದಕ್ಕೆ ಬಂದ ಮೇಲೆ ಹೊಸ ಆಹಾರದ ಮಾತು. ಸುಲಭವಾಗಿ ಅರಗುವ, ಕೊಬ್ಬು ಕಡಿಮೆ ಇರುವ, ನಾಯಿಯ ವಯಸ್ಸಿಗೆ ಸರಿಯಾದ ಪೂರ್ಣ ಆಹಾರ ಆರಿಸಿ. ಮೊದಲ ಮೂರು ದಿನ ಹಳೆಯದು ಮುಕ್ಕಾಲು, ಹೊಸದು ಕಾಲು. ಮುಂದಿನ ಮೂರು ದಿನ ಅರ್ಧ ಅರ್ಧ. ಆಮೇಲೆ ಮೂರು ದಿನ ಹೊಸದು ಮುಕ್ಕಾಲು. ಹತ್ತನೆಯ ದಿನ ಪೂರ್ತಿ ಹೊಸದು. ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳು ಹೊಸ ಊಟಕ್ಕೆ ಹೊಂದಿಕೊಳ್ಳಲು ಇಷ್ಟು ಸಮಯ ಬೇಕು. ಥಟ್ಟನೆ ಬದಲಿಸಿದರೆ ಆರೋಗ್ಯವಾಗಿರುವ ನಾಯಿಗೂ ಭೇದಿಯಾಗಬಹುದು. ಆಗ ನಾವು ಸುಮ್ನೆ ಆಹಾರವನ್ನು ದೂರುತ್ತೇವೆ, ಅಲ್ವಾ?

ನಡುವೆ ಮಲ ಸಡಿಲವಾದರೆ ಹಿಂದಿನ ಅಳತೆಗೆ ಮರಳಿ ಅಲ್ಲೇ ಎರಡು ಮೂರು ದಿನ ನಿಲ್ಲಿ. ಹತ್ತು ದಿನ ಮೂರು ವಾರವಾದರೂ ಪರವಾಗಿಲ್ಲ. ಗಬಗಬ ನುಂಗುವ ನಾಯಿಯಾದರೆ ಒಳಗೆ ಉಬ್ಬುತಗ್ಗು ಇರುವ ಬಟ್ಟಲು ಬಳಸಿ.

ಆದರೂ ನಿಲ್ಲದಿದ್ದರೆ

ಆಗ ಅಲರ್ಜಿಯ ಅನುಮಾನ. ತುಂಬಾ ಜನ ನೇರವಾಗಿ ಧಾನ್ಯದ ಮೇಲೆ ತಪ್ಪು ಹೊರಿಸುತ್ತಾರೆ. ಆದರೆ ಆಹಾರದ ಅಲರ್ಜಿಯಿಂದ ಚರ್ಮದ ತೊಂದರೆ ಬಂದಿದ್ದ 297 ನಾಯಿಗಳ ವಿವರಗಳನ್ನು 2016ರಲ್ಲಿ ಒಟ್ಟು ಮಾಡಿ ನೋಡಿದಾಗ ಮೊದಲ ಸ್ಥಾನದಲ್ಲಿ ದನದ ಮಾಂಸ ಇತ್ತು, 34 ಶೇಕಡಾ. ಹಾಲಿನ ಪದಾರ್ಥ 17, ಕೋಳಿ 15, ಗೋಧಿ 13. ಅಂದರೆ ಹೆಚ್ಚಾಗಿ ಕಾಡುವುದು ಮಾಂಸ ಮತ್ತು ಹಾಲಿನ ಪ್ರೊಟೀನು.

ಇದನ್ನು ಕಂಡುಹಿಡಿಯಲು ರಕ್ತ, ಜೊಲ್ಲಿನ ಪರೀಕ್ಷೆಗಳನ್ನು ನಂಬಲಾಗದು. ದಾರಿ ಒಂದೇ: ವೈದ್ಯರ ಸಲಹೆಯಂತೆ ನಾಯಿ ಹಿಂದೆಂದೂ ತಿಂದಿರದ ಪ್ರೊಟೀನಿನ ಊಟ, ಇಲ್ಲವೇ ಹೈಡ್ರೊಲೈಸ್ಡ್ ಆಹಾರ. ಹೈಡ್ರೊಲೈಸ್ಡ್ ಎಂದರೆ ಪ್ರೊಟೀನನ್ನು ತೀರಾ ಸಣ್ಣದಾಗಿ ಒಡೆದಿರುತ್ತಾರೆ. ಅಷ್ಟು ಸಣ್ಣ ಚೂರನ್ನು ದೇಹದ ರಕ್ಷಣಾ ವ್ಯವಸ್ಥೆ ಸಾಮಾನ್ಯವಾಗಿ ಗುರುತಿಸುವುದಿಲ್ಲ. ಹೊಟ್ಟೆಯ ತೊಂದರೆ ಇದರಿಂದ ಹೋಗುವುದಾದರೆ ಎರಡರಿಂದ ನಾಲ್ಕು ವಾರದಲ್ಲಿ ಸುಧಾರಣೆ ಕಾಣಬೇಕು. ಅಷ್ಟು ದಿನ ಬೇರೆ ಒಂದು ಚೂರೂ ಬಾಯಿಗೆ ಹೋಗಬಾರದು. ಜಂತುಹುಳುವಿನ, ಉಣ್ಣಿಯ ಕೆಲವು ಮಾತ್ರೆಗಳಲ್ಲೂ ಮಾಂಸದ ರುಚಿ ಸೇರಿಸಿರುತ್ತಾರೆ. ಬೇರೆ ಮಾತ್ರೆ ಇದೆಯೇ ಎಂದು ವೈದ್ಯರನ್ನು ಕೇಳಿ.

ಸುಧಾರಿಸಿತು ಅಂತ ಅಲ್ಲಿಗೇ ಬಿಡಬೇಡಿ. ವೈದ್ಯರಿಗೆ ಹೇಳಿ ಹಳೆಯ ಊಟವನ್ನು ಮತ್ತೆ ಹಾಕಿ ನೋಡಬೇಕು. ಚೇತರಿಸಿಕೊಂಡ ನಾಯಿಗೆ ಮತ್ತೆ ಅದನ್ನೇ ಹಾಕಲು ಮನಸ್ಸು ಬರುವುದಿಲ್ಲ, ನಿಜ. ಆದರೆ ಮತ್ತೆ ಭೇದಿಯಾದರೆ ಮಾತ್ರ ಕಾರಣ ಆ ಊಟವೇ ಎಂದು ಖಚಿತ. ತಕ್ಷಣ ಅದನ್ನು ನಿಲ್ಲಿಸಿ, ಒಗ್ಗಿದ ಊಟಕ್ಕೆ ಮರಳಿ. ಹೊಟ್ಟೆ ಸರಿಯಾದ ಮೇಲೆ ಕೋಳಿ, ಮೊಟ್ಟೆ, ಗೋಧಿ ಹೀಗೆ ಒಂದೊಂದನ್ನೇ ಸೇರಿಸಿ ಪರೀಕ್ಷಿಸಿ. ಪ್ರತಿಯೊಂದಕ್ಕೂ ಎರಡು ವಾರ ಕೊಡಿ, ಪುಸ್ತಕದಲ್ಲಿ ಬರೆಯುವುದನ್ನು ಅಲ್ಲಿಯವರೆಗೂ ನಿಲ್ಲಿಸಬೇಡಿ.